ಪ್ರಶ್ನೆ ಕೇಳುವ ಪರಂಪರೆ

ಅನುಮಾನ ನನ್ನ ಸ್ವಭಾವವಲ್ಲ, ನನ್ನ ಕಸುಬು ಎಂದು ಹೇಳಿಕೊಂಡು ಬಂದಿದ್ದೇನೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಪತ್ರಿಕೆಯೊಂದರ ಸುದ್ದಿಮನೆಯಲ್ಲಿ ಕೂತು, ಸತ್ತವರ ಸುದ್ದಿ ಬಂದರೂ "ಹೇಳಿದವರು ಯಾರು?" ಎಂದು ಕೇಳಿಯೇ ಅಚ್ಚಿಗೆ ಕಳಿಸಿದವನು. ಮನೆಯಲ್ಲೂ ಅದೇ ಚಾಳಿ. ಹಾಲು ಒಡೆದಿದೆ ಎಂದು ಹೆಂಡತಿ ಹೇಳಿದರೆ ಎದ್ದು ಹೋಗಿ ಪಾತ್ರೆ ನೋಡುತ್ತೇನೆ. "ಖಚಿತ ಆಯ್ತಾ? ಎದ್ದಿದ್ದೀರಲ್ಲ, ಹಾಗೇ ಹೋಗಿ ಒಂದು ಪ್ಯಾಕೆಟ್ ತಂದ್ಬಿಡಿ" ಎನ್ನುತ್ತಾಳೆ. ಅನುಮಾನಕ್ಕೆ ಸಿಗುವ ಕೂಲಿ ಇಷ್ಟೇ.

ಹೀಗಿರುವಾಗ, ಮಗಳು ಪೂರ್ಣಿ ಎಂಟನೇ ತರಗತಿ ಓದುತ್ತಿರುವ ಬಸವೇಶ್ವರನಗರದ ಶಾಲೆಯಿಂದ ಒಂದು ಸುತ್ತೋಲೆ ಬಂತು. ಇನ್ನು ಮುಂದೆ ಮಕ್ಕಳ ಶಿಕ್ಷಣವನ್ನು ಬ್ರಿಟಿಷರ ಅಚ್ಚಿನಿಂದ ಬಿಡಿಸಲಾಗುವುದಂತೆ. ನಾಲ್ಕು ಪುಟ, ಪೂರಾ ಇಂಗ್ಲಿಷಿನಲ್ಲಿ. ನನ್ನ ಕಿವಿ ನೆಟ್ಟಗಾಯಿತು. ಟೈ ರದ್ದು, ಬದಲಿಗೆ ಶಲ್ಯ. ಶಲ್ಯ ಮರೆತವರು ಹಿಂದೆ ಟೈ ಮರೆತವರು ನಿಲ್ಲುತ್ತಿದ್ದ ಜಾಗದಲ್ಲೇ, ಗೇಟಿನ ಪಕ್ಕ, ನಿಲ್ಲತಕ್ಕದ್ದು. ಪ್ರತಿ ಶುಕ್ರವಾರ ತತ್ತ್ವಶಾಸ್ತ್ರದ ತರಗತಿ. ಮಕ್ಕಳೆಲ್ಲ ನೆಲದ ಮೇಲೆ ಸುತ್ತಲೂ ಕೂರಬೇಕು, ಟೀಚರಿಗೆ ಮಾತ್ರ ಕುರ್ಚಿ. ಶಾಲೆಯಲ್ಲಿ ಕನ್ನಡ ಮಾತಾಡಿದವರ ಹೆಸರನ್ನು ಕ್ಲಾಸ್ ಲೀಡರ್ ಚೀಟಿಯಲ್ಲಿ ಬರೆದು ಕೊಡುವ ಹಳೆಯ ಪದ್ಧತಿಯೊಂದಿದೆ. ನಾಲ್ಕು ಪುಟ ಎರಡು ಸಲ ಓದಿದೆ, ಅದರ ಸುದ್ದಿಯೇ ಇರಲಿಲ್ಲ. ಬರೆದದ್ದಕ್ಕಿಂತ ಬರೆಯದೆ ಬಿಟ್ಟದ್ದನ್ನು ಓದುವುದು ನಮ್ಮ ಕಸುಬಿನ ದುರಭ್ಯಾಸ.

ನಾನು ಮನೆಯಲ್ಲಿ ಕೂತು ಅನುಮಾನಪಟ್ಟದ್ದನ್ನು ಪೂರ್ಣಿ ತರಗತಿಯಲ್ಲೇ ಕೇಳಿಬಿಟ್ಟಳು. ಮೊದಲ ಶುಕ್ರವಾರವೇ ಟೀಚರ್, "ನಮ್ಮ ಪರಂಪರೇಲಿ ಶಿಷ್ಯರು ಗುರುವನ್ನೇ ಪ್ರಶ್ನೆ ಕೇಳ್ತಿದ್ರು. ಬ್ರಿಟಿಷರು ಬಂದು ನಮ್ಮ ಬಾಯಿ ಮುಚ್ಚಿಸಿದ್ರು. ಯಾರಾದ್ರೂ ಕೇಳಿ ನೋಡೋಣ" ಎಂದರಂತೆ. ಇವಳು ಎದ್ದು ನಿಂತು, "ಬ್ರಿಟಿಷರು ಹೋಗಿಯಾಯ್ತಲ್ಲ ಮಿಸ್, ಈಗ ಕನ್ನಡ ಮಾತಾಡಿದ್ರೆ ಹೆಸರು ಬರೆಸ್ಕೊಳ್ಳೋದು ಯಾರು?" ಎಂದಳಂತೆ. ತರಗತಿ ಗೊಳ್ಳೆಂದು ನಕ್ಕಿತು. ಪೂರ್ಣಿಗೆ ಹೊರಗಿನ ಕಾರಿಡಾರಿನಲ್ಲಿ ಬೆಂಚು ಸಿಕ್ಕಿತು. ಪೋಷಕರ ಸಹಿ ಇರುವ ಕ್ಷಮಾಪಣೆ ಪತ್ರ ಬರುವವರೆಗೆ ಎಲ್ಲ ಪಾಠಕ್ಕೂ ಅವಳ ಜಾಗ ಅದೇ.

"ನಾನು ತಪ್ಪು ಕೇಳಿದ್ನಾ ಅಪ್ಪಾ?"

"ಇಲ್ಲ ಕಣೇ. ನಾನೇ ಹೋಗಿ ವಿಚಾರಿಸ್ತೀನಿ, ಸುಮ್ನಿರು" ಎಂದೆ. ಎಷ್ಟೋ ಮಂತ್ರಿಗಳ ಬಾಯಿ ಬಿಡಿಸಿದವನ ಗತ್ತಿನಲ್ಲಿ.

ಸೋಮವಾರ ಮಲ್ಲತ್ತಹಳ್ಳಿಯ ಮನೆಯಿಂದ ಶಾಲೆಗೆ ಬಸ್ಸಿನಲ್ಲಿ ಹೋಗುತ್ತ ಆರು ಪ್ರಶ್ನೆ ಬರೆದುಕೊಂಡೆ. ಕಾರಿಡಾರಿನಲ್ಲಿ ಪೂರ್ಣಿ ಶಲ್ಯದ ಅಂಚು ಕಚ್ಚುತ್ತಾ ಕೂತಿದ್ದಳು. ನನ್ನನ್ನು ಕಂಡು ಹೆಬ್ಬೆರಳು ಎತ್ತಿದಳು. ನಾನೂ ಎತ್ತಿದೆ.

ಪ್ರಾಂಶುಪಾಲರು ನಗುನಗುತ್ತಲೇ ಕೂರಿಸಿದರು. "ಸಾರ್, ನೀವು ಪೇಪರ್‌ನವರು, ನಿಮಗೆ ಅರ್ಥ ಆಗತ್ತೆ. ಪ್ರಶ್ನೆ ಕೇಳೋದಕ್ಕೆ ನಮ್ಮದೇನೂ ಅಬ್ಜೆಕ್ಷನ್ ಇಲ್ಲ. ಕೇಳ್ಬೇಕಾದ ಪ್ರಶ್ನೆಗಳನ್ನ ಗುರುವಾರವೇ ವಾಟ್ಸಾಪಲ್ಲಿ ಹಾಕಿರ್ತೀವಿ. ನಾನು ಯಾರು, ಸತ್ಯ ಅಂದ್ರೇನು, ಜಗತ್ತು ಎಲ್ಲಿಂದ ಬಂತು. ಎಷ್ಟು ಒಳ್ಳೊಳ್ಳೆ ಪ್ರಶ್ನೆ! ನಿಮ್ಮ ಮಗಳು ಅದೆಲ್ಲ ಬಿಟ್ಟು ಅಡ್ಮಿನಿಸ್ಟ್ರೇಷನ್ ವಿಷಯಕ್ಕೆ ಬಂದ್ಬಿಟ್ಳು."

ಜಗತ್ತು ಎಲ್ಲಿಂದ ಬಂತು ಎಂದು ಕೇಳಿದರೆ ಯಾವ ಆಡಳಿತ ಮಂಡಳಿಗೂ ತೊಂದರೆಯಿಲ್ಲ. ಹಾಗೆಂದು ಹೇಳಬೇಕೆಂದುಕೊಂಡೆ. ಆರು ಪ್ರಶ್ನೆಗಳೂ ಜೇಬಿನಲ್ಲಿದ್ದವು. ಆದರೆ ಪ್ರಾಂಶುಪಾಲರ ಕುರ್ಚಿಯ ಎದುರು ಕೂತರೆ ನನ್ನ ವಯಸ್ಸು ಹನ್ನೆರಡಕ್ಕೆ ಇಳಿಯುತ್ತದೆ ಎಂಬುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಕೈಕಟ್ಟಿಕೊಂಡು ಒಂದೇ ಒಂದು ಪ್ರಶ್ನೆ ಕೇಳಿದೆ.

"ಪತ್ರ ಎಷ್ಟು ಗಂಟೆಯೊಳಗೆ ಕೊಡ್ಬೇಕು ಮೇಡಂ?"

ಸಂಜೆ ಪೂರ್ಣಿ, "ಕೇಳ್ದ್ಯಾ ಅಪ್ಪಾ?" ಎಂದಳು. ಕೇಳಿದೆ ಎಂದೆ. ಏನು ಕೇಳಿದ್ದು ಎಂದು ಅವಳು ಒತ್ತಾಯಿಸಲಿಲ್ಲ. ನನ್ನ ಮುಖವನ್ನೊಮ್ಮೆ ನೋಡಿ, ಒಳಗೆ ಹೋಗಿ, ತಾನೇ ಪತ್ರ ಬರೆದು ತಂದಳು. ಕನ್ನಡದಲ್ಲಿ, ಮೂರೇ ಸಾಲು: "ತರಗತಿಯಲ್ಲಿ ನಾನು ಪ್ರಶ್ನೆ ಕೇಳಿದ್ದು ನಿಜ. ಎಲ್ಲರೂ ನಕ್ಕು ಪಾಠಕ್ಕೆ ತೊಂದರೆಯಾಗಿದ್ದರೆ ಕ್ಷಮಿಸಿ. ನನ್ನ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ."

ಕಿತ್ತುಹಾಕಲು ಒಂದು ಪದವೂ ಸಿಗದ ಬರಹ ನನ್ನ ಮೇಜಿಗೆ ಬಂದದ್ದು ಅಪರೂಪ. ಹೆಮ್ಮೆಯಿಂದಲೇ ಸಹಿ ಹಾಕಿದೆ.

ಮರುದಿನ ಮಧ್ಯಾಹ್ನ ಶಾಲೆಯಿಂದ ಫೋನು. "ಸಾರ್, ಲೆಟರ್ ಬಂತು. ಆದ್ರೆ ಕನ್ನಡದಲ್ಲಿದೆ, ಫೈಲಿಗೆ ಇಂಗ್ಲಿಷೇ ಬೇಕು. ನೀವೇ ಟ್ರಾನ್ಸ್‌ಲೇಟ್ ಮಾಡಿ ಕಳಿಸಿದ್ರೆ ಅವಳನ್ನ ಈಗಲೇ ಒಳಗೆ ಕೂರಿಸ್ತೀವಿ."

ಅನುವಾದ ನನಗೆ ಹೊಸತಲ್ಲ. ಕೂತ ಕಡೆಯೇ ಹಾಳೆ ತೆಗೆದುಕೊಂಡೆ. ಮೊದಲ ಎರಡು ಸಾಲು ಸಲೀಸಾಗಿ ಇಳಿದವು. ಮೂರನೆಯದಕ್ಕೆ ಬಂದಾಗ, ಕಾರಿಡಾರಿನ ಬೆಂಚು ಕಣ್ಣ ಮುಂದೆ ಬಂತು ಎಂದು ಬರೆದರೆ ಓದುಗರು ನಂಬಬಹುದು. ನಿಜಕ್ಕೂ ಬಂದದ್ದು ಪ್ರಾಂಶುಪಾಲರ ಮುಖ. ಸುದ್ದಿಮನೆಯಲ್ಲಿ ಇಂಥ ಹೊತ್ತಿಗೆಂದೇ ಒಂದು ಮಾತಿದೆ. ಮೂರನೆಯ ಸಾಲನ್ನು ಸ್ಥಳಾಭಾವದಿಂದ ಕೈಬಿಟ್ಟೆ. ಹಾಳೆಯಲ್ಲಿ ಮುಕ್ಕಾಲು ಭಾಗ ಖಾಲಿಯಿತ್ತು.