ನಮ್ಮ ಭಾವ ತೂಗಿದ ಕೂಸು

ನಮ್ಮ ಭಾವನಷ್ಟು ಪ್ರಾಮಾಣಿಕ ಮನುಷ್ಯನನ್ನು ನಾನು ಈ ಎಪ್ಪತ್ತೆಂಟು ವರ್ಷಗಳಲ್ಲಿ ಕಂಡಿಲ್ಲ. ಆ ಪ್ರಾಮಾಣಿಕತೆ ಇನ್ನೊಂದು ತಿಂಗಳು ಮುಂದುವರಿದಿದ್ದರೆ ನನ್ನ ಸಂಸಾರ ಉಳಿಯುತ್ತಿರಲಿಲ್ಲ!

ಭಾವ ಎಂದರೆ ನನ್ನ ಅಕ್ಕನ ಗಂಡ. ಮಾಕಳಿ ಕಡೆಯವರು. ಯಶವಂತಪುರದ ಮಾರುಕಟ್ಟೆಯಲ್ಲಿ ಈರುಳ್ಳಿ ಚೀಲ ತೂಗುವುದು ಅವರ ಕೆಲಸ. ಆ ಕೆಲಸ ಮಾರುಕಟ್ಟೆಯ ಗೇಟಿನಲ್ಲೇ ನಿಂತಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಅದು ಅವರ ಹಿಂದೆಯೇ ಮನೆಗೂ ಬರುತ್ತಿತ್ತು, ಮದುವೆಮನೆಗೂ ಬರುತ್ತಿತ್ತು. ನನ್ನ ಮದುವೆಯಲ್ಲಿ ಪುರೋಹಿತರು ಮುಹೂರ್ತಕ್ಕೆ ಅವಸರ ಮಾಡುತ್ತಿದ್ದರೆ ಇವರು ನನ್ನ ಕೊರಳಿನ ಹಾರವನ್ನು ಅಂಗೈಯಲ್ಲಿ ಎತ್ತಿ ನೋಡಿ, "ಊವಿಗಿಂತ ನೀರೇ ಜಾಸ್ತಿ ಐತೆ" ಎಂದು ತೀರ್ಪು ಕೊಟ್ಟರು.

ಎಪ್ಪತ್ತರ ದಶಕದ ಕೊನೆಯಲ್ಲಿ ನಮಗೆ ಮಗಳು ಹುಟ್ಟಿದಳು. ನೋಡಲು ಬಂದವರೆಲ್ಲ ಮೂಗು ಯಾರದು, ಬಣ್ಣ ಯಾರದು ಎನ್ನುತ್ತಿದ್ದರು. ಭಾವ ಕೂಸನ್ನು ಎರಡೂ ಕೈಯಲ್ಲಿ ಎತ್ತಿ, ಕಣ್ಣು ಮುಚ್ಚಿ, "ಎರಡೂ ಮುಕ್ಕಾಲು" ಎಂದರು. ನರ್ಸು ಚೀಟಿ ನೋಡಿ ಹೌದೆಂದಳು. "ಅಂಗಾದ್ರೆ ನಿಮ್ ತಕ್ಕಡಿ ಸರಿಯಾಗೈತೆ ಬುಡಮ್ಮ" ಎಂದು ಆಸ್ಪತ್ರೆಗೇ ಸರ್ಟಿಫಿಕೇಟು ಕೊಟ್ಟರು!

ಒಂದೂವರೆ ತಿಂಗಳಾದಾಗ ಆರ್.ಟಿ. ನಗರದ ಮಕ್ಕಳ ಡಾಕ್ಟರಮ್ಮನ ಹತ್ತಿರ ಹೋದೆವು. ಅವರು ಮಗುವನ್ನು ತೂಗಿ, ಒಂದರ ಮೇಲೊಂದು ಬಾಗಿದ ಗೆರೆಗಳಿದ್ದ ಕಾರ್ಡೊಂದರಲ್ಲಿ ಚುಕ್ಕೆ ಇಟ್ಟು, "ಇಪ್ಪತ್ತೈದನೇ ಪರ್ಸೆಂಟೈಲ್. ಚೆನ್ನಾಗಿದೆ" ಎಂದರು.

ನಮ್ಮ ಮನೆಯಲ್ಲಿ ಹೈಸ್ಕೂಲು ಮುಗಿಸಿದವನು ನಾನೊಬ್ಬನೇ. ಮೂವತ್ತೈದಕ್ಕೆ ಪಾಸು ಎಂಬುದು ನನಗೆ ಗೊತ್ತಿಲ್ಲವೇ?

"ಚೆನ್ನಾಗಿ ಎಲ್ಲಿದೆ ಮೇಡಂ? ಫೇಲಲ್ವಾ?"

"ಇದು ಮಾರ್ಕ್ಸ್ ಅಲ್ಲ ಕಣ್ರೀ! ಇದೇ ವಯಸ್ಸಿನ ನೂರು ಹೆಣ್ಣುಮಕ್ಕಳನ್ನ ತೂಕ ಕಡಿಮೆ ಇರೋರಿಂದ ಶುರುಮಾಡಿ ಸಾಲಾಗಿ ನಿಲ್ಲಿಸಿದ್ರೆ ನಿಮ್ಮ ಮಗು ಇಪ್ಪತ್ತೈದನೇದು, ಅಷ್ಟೇ. ಯಾವ ಗೆರೆ ಅನ್ನೋದಲ್ಲ, ಆ ಗೆರೆ ಜೊತೇಲೇ ಬೆಳೀತಾ ಹೋಗ್ಬೇಕು. ತಿಂಗಳಿಗೊಂದ್ಸಲ ತೂಗ್ಸಿ, ಚುಕ್ಕೆ ಇಡಿ. ಕೆಳಗೆ ಜಾರ್ತಾ ಬಂದ್ರೆ ಕರ್ಕೊಂಡ್ಬನ್ನಿ."

ಜೊತೆಗೆ ಬಂದಿದ್ದ ಭಾವನಿಗೆ ತಕ್ಷಣ ಅರ್ಥವಾಯಿತು. "ಸೀಮೆಎಣ್ಣೆ ಕ್ಯೂನಲ್ಲಿ ಇಪ್ಪತ್ತೈದನೇ ಜಾಗ ಅಂದ್ರೆ ಕಡ್ಮೇನೇನಯ್ಯಾ? ಎಣ್ಣೆ ಸಿಕ್ಕೇ ಸಿಗ್ತದೆ!"

ನನಗೆ ಮಾತ್ರ ಅರ್ಥವಾಗಲಿಲ್ಲ. ಓದಿದವನಲ್ಲವೇ!

ತೂಗಿಸಲು ಪ್ರತಿ ತಿಂಗಳೂ ಎರಡು ಬಸ್ಸು ಹತ್ತಬೇಕಲ್ಲ ಎಂದದ್ದಕ್ಕೆ ಭಾವ ಕೆರಳಿದರು. "ಯಾಕೆ, ನಾನೇನ್ ಸತ್ತೋಗಿದ್ದೀನಾ?" ಅಂದಿನಿಂದ ತಿಂಗಳಿಗೊಂದು ಭಾನುವಾರ ನಮ್ಮ ಮನೆಗೇ ತಕ್ಕಡಿ ಬಂತು. ತೊಲೆಗೆ ಕಟ್ಟಿ, ಒಂದು ತಟ್ಟೆಯಲ್ಲಿ ಕೂಸು, ಇನ್ನೊಂದರಲ್ಲಿ ಕಬ್ಬಿಣದ ತೂಕದ ಬಟ್ಟುಗಳು. ಯಾರೂ ಕೆಮ್ಮುವ ಹಾಗಿಲ್ಲ! ಮುಳ್ಳು ನಿಂತ ಮೇಲೆ ಭಾವ ಗೋಡೆ ನೋಡುತ್ತ, ತುಟಿಯಲ್ಲೇ ಏನೋ ಲೆಕ್ಕ ಹಾಕಿ ತೂಕ ಕೂಗುತ್ತಿದ್ದರು. ನಾನು ಸ್ಕೇಲು ಹಿಡಿದು ಚುಕ್ಕೆ ಇಡುತ್ತಿದ್ದೆ.

ಮೊದಲ ಭಾನುವಾರದ ಚುಕ್ಕೆ ಗೆರೆಯಿಂದ ತುಸು ಕೆಳಗೆ ಬಿತ್ತು. ಮುಂದಿನದು ಹತ್ತರ ಗೆರೆಗಿಳಿಯಿತು. ಐದು ತಿಂಗಳಾಗುವಷ್ಟರಲ್ಲಿ ಮೂರರ ಗೆರೆ. ಅದರ ಕೆಳಗೆ ಗೆರೆಯೇ ಇರಲಿಲ್ಲ. ಫೇಲಾದ ಕಾರ್ಡು ಹಿಡಿದು ಡಾಕ್ಟರಮ್ಮನ ಮುಂದೆ ನಿಲ್ಲಲು ನಾಚಿಕೆಯಾಗಿ, ಮುಂದಿನ ತಿಂಗಳು ನೋಡೋಣ ಎಂದು ತಳ್ಳುತ್ತಲೇ ಬಂದಿದ್ದೆ. ಕಾರ್ಡನ್ನು ಗೋಡೆಗೆ ನೇತುಹಾಕಿದ್ದೆ. ನಾನು ಫ್ಯಾಕ್ಟರಿಗೆ ಹೋದ ಮೇಲೆ ನನ್ನ ಹೆಂಡತಿ ಅದನ್ನು ಗೋಡೆಯ ಕಡೆಗೆ ತಿರುಗಿಸಿಡುತ್ತಿದ್ದಳು. ಬಂದವನು ನಾನು ಮತ್ತೆ ತಿರುಗಿಸುತ್ತಿದ್ದೆ. ಹಾಲಿಗೆ ಒಳ್ಳೆಯದೆಂದು ಯಾರು ಏನು ಹೇಳಿದರೂ ತಿಂದಳು. ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು, ಮತ್ತೆ ಬೆಳ್ಳುಳ್ಳಿ. ಮಗು ಅತ್ತರೂ ಕುಡಿಸುತ್ತಿದ್ದಳು, ನಕ್ಕರೂ ಕುಡಿಸುತ್ತಿದ್ದಳು. ಅವಳ ಕಣ್ಣು ಗುಳಿಬಿದ್ದದ್ದನ್ನು ನಾನು ನೋಡಲಿಲ್ಲ. ನಾನು ನೋಡುತ್ತಿದ್ದದ್ದು ಚುಕ್ಕೆಗಳನ್ನು.

ಐದನೇ ತಿಂಗಳ ಆ ಭಾನುವಾರ, ಅಕ್ಕ-ಭಾವನ ಎದುರಿಗೇ, ಹಾಲಿನ ಪುಡಿಯ ಡಬ್ಬವನ್ನು ಹೆಂಡತಿಯ ಮುಂದಿಟ್ಟೆ. "ಊರಿನ ಮಕ್ಕಳೆಲ್ಲ ಬೆಳೀತವೆ. ನಿನ್ನ ಹಾಲಲ್ಲೇ ಸತ್ವ ಇಲ್ಲ. ನಾಳೆಯಿಂದ ಬಾಟ್ಲಿ" ಎಂದೆ. ಹೌದು, ಹಾಗೆಯೇ ಅಂದೆ.

ಅವಳು ಡಬ್ಬವನ್ನು ಮುಟ್ಟಲಿಲ್ಲ. "ಡಾಕ್ಟ್ರು ಹೇಳಿದ್ರೆ ನಿಲ್ಲಿಸ್ತೀನಿ. ನೀವು ಹೇಳಿದ್ರೆ ಇಲ್ಲ."

ಮರುದಿನ ಭಾವನನ್ನೂ ಕರೆದುಕೊಂಡು ಹೋದೆವು. ಡಾಕ್ಟರಮ್ಮ ಬಟ್ಟೆ ಬಿಚ್ಚಿಸಿ ಮಗುವನ್ನು ತೂಗಿದರು. ಆರೂವರೆ ಕಿಲೋ. ಕಾರ್ಡಿನಲ್ಲಿ ನನ್ನ ಕೈಬರಹ ಐದೂವರೆ ಎನ್ನುತ್ತಿತ್ತು.

"ಮಗು ಅದೇ ಇಪ್ಪತ್ತೈದರ ಗೆರೆ ಮೇಲೇ ಇದೆಯಲ್ರೀ! ಇದ್ಯಾರು ತೂಗಿದ್ದು?"

"ನಾನೇ ತಾಯಿ" ಎಂದರು ಭಾವ, ಎದೆ ಸೆಟೆಸಿ. "ತಕ್ಕಡೀಲಿ ನಂಗೆ ಬಟ್ಟೆ ಸಮೇತ ಏಳು ಬಂತು. ಕಳ್ಯೋದು ಕಳ್ದು ಬರ್ಸಿದ್ದು."

"ಏನು ಕಳೆದ್ರಿ?"

"ಈರುಳ್ಳೀಗೆ ಚೀಲದ ತೂಕ ಕಳ್ಯಲ್ವಾ? ಅಂಗೇ ಬಟ್ಟೆ, ಕುಲಾವಿ, ಸ್ವೆಟ್ರು. ಆಮೇಲೆ ತೇವಕ್ಕೆ ಒಂದಿಷ್ಟು; ಚಳಿಗಾಲ ನೋಡಿ, ಜಾಸ್ತಿ. ಒಟ್ಟೇಲಿರೋ ಆಲು ತಾಯೀದು, ಮಗೂದಲ್ಲ, ಅದೂ ಕಳ್ದೆ. ಕೊಳ್ಳೋನ್ಗೆ ಮೋಸ ಆಗ್ಬಾರ್ದು!"

"ಮಗೂನ ಕೊಳ್ಳೋರು ಯಾರ್ರೀ?" ಡಾಕ್ಟರಮ್ಮ ಕುರ್ಚಿಗೊರಗಿ ನಗತೊಡಗಿದರು. ನಾನೂ ನಕ್ಕೆ. ನನ್ನ ಹೆಂಡತಿ ನಗಲಿಲ್ಲ. ಮಗುವಿಗೆ ಕುಲಾವಿ ಕಟ್ಟತೊಡಗಿದಳು.

ಭಾವನ ಮುಖ ಕಪ್ಪಿಟ್ಟಿತು. ಬಾಗಿಲ ಹೊರಗೆ ಕೂತಿದ್ದವರೆಲ್ಲ ನೋಡುತ್ತಿರುವಂತೆಯೇ ನನ್ನ ಹೆಂಡತಿಗೆ ಕೈ ಮುಗಿದರು. "ತಪ್ಪಾಯ್ತು ಕಣವ್ವ. ನನ್ನಿಂದ ನೀನು ಮಾತು ಕೇಳಂಗಾಯ್ತು."

"ಬಿಡಿ ಅಣ್ಣ. ನೀವು ತೂಗಿದ್ರಿ, ಅಷ್ಟೇ. ಆ ಮಾತು ಆಡಿದ್ದು ನೀವಲ್ಲ."

ಹಾಗೆ ಹೇಳುವಾಗ ಅವಳು ನನ್ನ ಕಡೆ ನೋಡಲಿಲ್ಲ. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟ ಭಾವನ ಬಾಯಿಂದ ಅಷ್ಟು ಸಲೀಸಾಗಿ ಬಂದ 'ತಪ್ಪಾಯ್ತು' ಎಂಬ ಮಾತು ಹೈಸ್ಕೂಲು ಮುಗಿಸಿದ ನನ್ನ ಬಾಯಿಂದ ಬರಲಿಲ್ಲ. ಆವತ್ತೂ ಬರಲಿಲ್ಲ, ಆಮೇಲೂ ಬರಲಿಲ್ಲ. ಈಗ ಕಾಗದದ ಮೇಲೆ ಬರೆಯುತ್ತಿದ್ದೇನೆ.

ವಾಪಸು ಬರುವಾಗ ಎರಡನೇ ಬಸ್ಸು ಕಿಕ್ಕಿರಿದಿತ್ತು. ಕಿಟಕಿಯ ಪಕ್ಕ ಅವಳು, ಪಕ್ಕದಲ್ಲಿ ನಾನು. ಮಗು ಹಸಿದು ಅಳತೊಡಗಿತು. ಅವಳು ಸೆರಗಿಗೆ ಕೈ ಹಾಕಿ, ತಡೆದು, ನನ್ನ ಮುಖ ನೋಡಿದಳು. ಕುಡಿಸಲೇ, ಬೇಡವೇ ಎಂದು ಕೇಳುವ ಹಾಗೆ. ತನ್ನ ಮಗುವಿಗೆ ಹಾಲು ಕೊಡಲು ನನ್ನ ಅಪ್ಪಣೆ! ಭಾವ ನಮಗೆ ಬೆನ್ನು ತಿರುಗಿಸಿ, ಜನಕ್ಕೆ ಅಡ್ಡವಾಗಿ ನಿಂತರು. ನಾನು ಹೆಗಲ ಮೇಲಿನ ಟವೆಲು ಬಿಡಿಸಿ ಎರಡೂ ಕೈಯಲ್ಲಿ ಎತ್ತಿ ಮರೆ ಹಿಡಿದೆ. ಅಳು ನಿಂತಿತು. ಸ್ವಲ್ಪ ಹೊತ್ತಿನಲ್ಲಿ ಅವಳ ತಲೆ ನನ್ನ ತೋಳಿಗೆ ವಾಲಿತು. ಕೂತಲ್ಲೇ ನಿದ್ದೆ ಹೋಗಿದ್ದಳು. ಯಶವಂತಪುರ ಬರುವವರೆಗೂ ಕೈ ಇಳಿಸಲಿಲ್ಲ.