ಹೆಚ್ಚು ಓಟು ಬಿದ್ದೂ ಸಿಗದ ಜೋಳದ ರೊಟ್ಟಿ

ಏನೂ ಗೊತ್ತಿಲ್ಲದವನು ಹೇಗೋ ಬದುಕಿಕೊಳ್ಳುತ್ತಾನೆ. ಅರ್ಧ ಗೊತ್ತಿರುವವನ ಪಾಡೇ ಕಷ್ಟ. ನನಗೆ ಅರ್ಧ ಗೊತ್ತಿರುವ ವಿಷಯ ಅಮೆರಿಕದ ಚುನಾವಣೆ. ಆ ದೇಶವನ್ನು ನಾನು ವಿಮಾನದ ಕಿಟಕಿಯಿಂದಲೂ ಕಂಡವನಲ್ಲ. ಧಾರವಾಡದಲ್ಲಿ ಹುಟ್ಟಿ, ಸಿಡ್ನಿಯ ಪ್ಯಾರಮಟ್ಟಾದಲ್ಲಿ ರೆಂಟ್ ಕಟ್ಟಿ ಸುಸ್ತಾಗಿ, ಮೆಲ್ಬರ್ನ್‌ನ ವಿಂಡಮ್ ವೇಲ್‌ಗೆ ಬಂದು ಮನೆ ಮಾಡಿದವನು. ಆದರೂ ಯಾರಾದರೂ ಬಾರ್ಬೆಕ್ಯೂಗೆ ಕರೆದರೆ, ಅಮೆರಿಕದ ಸಂವಿಧಾನ ವಿವರಿಸದೆ ನನಗೆ ತುತ್ತು ಇಳಿಯುತ್ತಿರಲಿಲ್ಲ. ಅಲ್ಲಿ ಹೆಚ್ಚು ಓಟು ಬಿದ್ದವನೇ ಅಧ್ಯಕ್ಷನಾಗಬೇಕೆಂದಿಲ್ಲ, ಪ್ರತಿ ರಾಜ್ಯಕ್ಕೂ ಇಷ್ಟಿಷ್ಟು ಪ್ರತಿನಿಧಿಗಳು, ಬಹುತೇಕ ಕಡೆ ಒಂದೇ ಓಟಿನಿಂದ ಗೆದ್ದರೂ ಅಷ್ಟೂ ಪ್ರತಿನಿಧಿಗಳು ಗೆದ್ದವನಿಗೇ ಎಂದು ನಾನು ಶುರು ಮಾಡಿದರೆ, ಜನ ಸಾಸ್ ಹುಡುಕುವ ನೆವದಲ್ಲಿ ಮೆಲ್ಲಗೆ ಎದ್ದು ಹೋಗುತ್ತಿದ್ದರು.

ಹೀಗಿರುವಾಗ ನಮ್ಮ ಕನ್ನಡ ಸಂಘಕ್ಕೆ ನಿಯಮಾವಳಿ ಬರೆಯುವ ಕೆಲಸ ಬಂತು. ಎಲ್ಲರೂ ನನ್ನ ಕಡೆ ಕೈ ತೋರಿಸಿದರು. ಬಿಡುತ್ತೇನೆಯೇ? ಅಮೆರಿಕದ ಪದ್ಧತಿಯನ್ನೇ ಎತ್ತಿ ತಂದು, ರಾಜ್ಯಗಳ ಜಾಗದಲ್ಲಿ ಸಬರ್ಬ್‌ಗಳನ್ನು, ಅಂದರೆ ನಮ್ಮ ಬಡಾವಣೆಗಳನ್ನಿಟ್ಟೆ. ಸಣ್ಣ ಸಬರ್ಬ್‌ನವರು ಮುನಿಸಿಕೊಳ್ಳಬಾರದೆಂದು ಅವರಿಗೂ ಧಾರಾಳವಾಗಿ ಪ್ರತಿನಿಧಿಗಳನ್ನು ಕೊಟ್ಟೆ. ತಕರಾರು ತೀರಿಸಲು ಮೂವರು ನ್ಯಾಯಾಧೀಶರು, ಅಲ್ಲಿಯ ಸುಪ್ರೀಂ ಕೋರ್ಟಿನವರಂತೆ ಜೀವನಪರ್ಯಂತ. ಅವರಲ್ಲೊಬ್ಬಳು ನನ್ನ ಹೆಂಡತಿ ಶಾಂತಾ. ಕೋರ್ಟು ಮನೆಯಲ್ಲೇ ಇದ್ದರೆ ಒಳ್ಳೆಯದೆಂಬ ದೂರಾಲೋಚನೆ ನನ್ನದು.

ಆಮೇಲೆ ನಾನೇ ಅಧ್ಯಕ್ಷ ಸ್ಥಾನಕ್ಕೆ ನಿಂತೆ. ಆಸೆಯೆಲ್ಲ ರೊಟ್ಟಿಯದು. ರಾಜ್ಯೋತ್ಸವದ ಊಟಕ್ಕೆ ಏನೆಂದು ನಮ್ಮಲ್ಲಿ ಅಧ್ಯಕ್ಷರೇ ತೀರ್ಮಾನಿಸುವುದು, ವರ್ಷವರ್ಷವೂ ಅದೇ ಬಿಸಿಬೇಳೆಬಾತ್. ಈ ಸಲ ಜೋಳದ ರೊಟ್ಟಿ, ಎಣ್ಣೆಗಾಯಿ ಮಾಡಿಸಿಯೇ ತೀರುತ್ತೇನೆಂದು ವಿಂಡಮ್ ವೇಲ್‌ನ ಹುಬ್ಬಳ್ಳಿ, ಬೆಳಗಾವಿ ಮನೆಗಳಿಗೆಲ್ಲ ಮಾತು ಕೊಟ್ಟೆ. ಸೋತರೆ ಬಿಸಿಬೇಳೆಬಾತ್ ಮುಟ್ಟುವುದಿಲ್ಲವೆಂದು ಶಪಥವನ್ನೂ ಮಾಡಿದೆ. ಎದುರಾಳಿ ಮೈಸೂರಿನ ನಾಗೇಂದ್ರ, ಮೆತ್ತಗಿನ ಮನುಷ್ಯ.

ಎಣಿಕೆ ಮುಗಿದಾಗ ಒಟ್ಟು ಓಟು ನನಗೇ ಹೆಚ್ಚು. ನಮ್ಮ ಸಬರ್ಬ್ ಇಡಿಯಾಗಿ ನನ್ನ ಬೆನ್ನಿಗಿತ್ತು. ಶಾಲಿಗಾಗಿ ಹೆಗಲು ಸರಿಮಾಡಿಕೊಂಡು ನಿಂತೆ. ಶಾಲು ನಾಗೇಂದ್ರರ ಹೆಗಲೇರಿತು! ಉಳಿದ ಸಬರ್ಬ್‌ಗಳಲ್ಲೆಲ್ಲ ಅವರು ಕೂದಲೆಳೆಯಲ್ಲಿ ಗೆದ್ದು ಪ್ರತಿನಿಧಿಗಳನ್ನೆಲ್ಲ ಬಾಚಿಕೊಂಡಿದ್ದರು. ಊರಿಗೆಲ್ಲ ವಿವರಿಸಿದ ಸಂಗತಿ ನನಗೇ ಆದೀತೆಂದು ಒಂದು ದಿನವೂ ಹೊಳೆದಿರಲಿಲ್ಲ. ಇದು ಹೇಗಾಯಿತೆಂದು ನಾಗೇಂದ್ರರನ್ನೇ ಕೇಳಿದೆ.

“ಸಾರ್, ಆವತ್ತು ಬಾರ್ಬೆಕ್ಯೂನಲ್ಲಿ ನೀವು ಎಕ್ಸ್‌ಪ್ಲೇನ್ ಮಾಡಿದ್ರಲ್ಲ, ನಾನೊಬ್ಬ ಪೂರ್ತಿ ಕೇಳಿಸ್ಕೊಂಡೆ,” ಎಂದರು.

ಕೋರ್ಟಿಗೆ ಹೋದೆ. ಅಂದರೆ ನಮ್ಮ ಮನೆಯ ಹಾಲ್‌ನಲ್ಲೇ ಮೂವರು ನ್ಯಾಯಾಧೀಶರಿಗೂ ನಾನೇ ಚಹಾ ಕೊಟ್ಟು ಎದುರಿಗೆ ನಿಂತೆ. ಶಾಂತಾ ಕಪ್ಪು ಕೆಳಗಿಟ್ಟು ಒಮ್ಮತದ ತೀರ್ಪು ಕೊಟ್ಟಳು: “ನೀವ ಬರೆದ ಕಾಯ್ದೆ ಐತ್ರೀ. ಓಟು ನಿಮಗ ಹೆಚ್ಚ ಬಿದ್ದಾವು, ಅಧ್ಯಕ್ಷರು ಅವ್ರು.”

ನೇಮಿಸಿದವನ ಮುಲಾಜು ನ್ಯಾಯಾಧೀಶರಿಗೆ ಇರಬಾರದೆಂದು ಭಾಷಣ ಬಿಗಿದವನೂ ನಾನೇ, ಆಕೆಯನ್ನು ತೆಗೆಯುವಂತಿಲ್ಲ. ನಿಯಮ ತಿದ್ದೋಣವೆಂದರೆ ಮುಕ್ಕಾಲು ಪಾಲು ಸಬರ್ಬ್‌ಗಳ ಒಪ್ಪಿಗೆ ಬೇಕು. ಅದೂ ನನ್ನದೇ ಬರಹ.

ರಾಜ್ಯೋತ್ಸವದ ದಿನ ವಿಂಡಮ್ ವೇಲ್‌ನವರ ಕಣ್ಣು ತಪ್ಪಿಸಿ ಮೂಲೆಯಲ್ಲಿ ಮೊಸರನ್ನ ತಿಂದೆ. ಆದರೆ ಆ ಬಿಸಿಬೇಳೆಬಾತ್‌ನ ತುಪ್ಪದ ಘಮ ಬಿಡಬೇಕಲ್ಲ. ಬರೀ ರುಚಿ ನೋಡುತ್ತೇನೆಂದು ಒಂದು ಸಲ ಹಾಕಿಸಿಕೊಂಡು ಬಂದೆ. ಎರಡನೆಯ ಸಲ ತಟ್ಟೆ ಚಾಚಿದಾಗ ಸೌಟು ಹಿಡಿದು ನಿಂತಿದ್ದವಳು ಶಾಂತಾ. ನನ್ನ ಶಪಥ ಆಕೆಗೆ ಚೆನ್ನಾಗಿ ನೆನಪಿತ್ತು. ನ್ಯಾಯಾಧೀಶೆ ಸೌಟು ತುಂಬ ಬಡಿಸಿ, ಮೇಲೊಂದಿಷ್ಟು ಬೂಂದಿ ಉದುರಿಸಿದಳು.