ಏನೂ ಮಾಡದ ನಾಯಕ

ಪ್ರೊಫೆಸರ್ ಲೊರೇನ್ ಬುಕ್ಸ್‌ಬಾಮ್ ಕಳಿಸಿದ ಸಂದೇಶವನ್ನು ವೆಂಡೆಲ್ ಪ್ರಿಚೆಟ್ ಮನಸ್ಸಿನಲ್ಲೇ ಓದಿಕೊಂಡಿದ್ದರೆ ಆ ದಿನ ಸುಮ್ಮನೆ ಕಳೆದುಹೋಗುತ್ತಿತ್ತು. ಅವನು ಅದನ್ನು ಮೆಟ್ಟಿಲ ಮೇಲೆ ನಿಂತು ಗಟ್ಟಿಯಾಗಿ ಓದಿದ.

"ನಿನ್ನ ನಾಯಕ ಒಳ್ಳೆಯವನು. ಆದರೆ ಏನೂ ಮಾಡುವುದಿಲ್ಲ. ಇವತ್ತು ಸಂಜೆ ತರಗತಿಯಲ್ಲಿ ಕತೆ ಓದುವಷ್ಟರಲ್ಲಿ ಅವನು ತಾನಾಗಿ ಒಂದಾದರೂ ನಿರ್ಧಾರ ಮಾಡಬೇಕು. ಇಲ್ಲದಿದ್ದರೆ ನಾನು ಸಹಿ ಹಾಕುವುದಿಲ್ಲ."

ಸಹಿ ಬೀಳದಿದ್ದರೆ ಪದವಿ ಇಲ್ಲ. ಚಿತ್ರಕತೆ ಬರೆಯುವುದರಲ್ಲಿ ಸ್ನಾತಕೋತ್ತರ ಪದವಿ. ನೆಬ್ರಾಸ್ಕಾದಲ್ಲಿರುವ ಅವನ ಅಪ್ಪ ಈಗಲೂ "ಅದನ್ನೂ ಸ್ಕೂಲಲ್ಲಿ ಹೇಳಿಕೊಡ್ತಾರಾ" ಎಂದು ಕೇಳುತ್ತಿದ್ದ. ಲಾಸ್ ಏಂಜಲೀಸಿನಲ್ಲಿ ಅದನ್ನು ಯಾರೂ ಕೇಳುವುದಿಲ್ಲ. ಇಲ್ಲಿ ಕತೆ ಕೆಟ್ಟಿದೆ ಎಂದು ಬಹಿರಂಗವಾಗಿ ಹೇಳುವುದೂ ಒಂದೇ, ಪಾರಿವಾಳಗಳ ನಡುವೆ ನಿಂತು ಕಾಳು ಚೆಲ್ಲುವುದೂ ಒಂದೇ.

ಕೆಳಮನೆಯ ಬಾಗಿಲು ತೆರೆಯಿತು. ಮನೆಯೊಡತಿ ಅರ್ಪಿನೆ ಕಸ್ಪಾರಿಯನ್ ಕೈಯಲ್ಲಿ ಕಾಫಿ ಕಾಸುವ ಪುಟ್ಟ ಹಿತ್ತಾಳೆ ಪಾತ್ರೆ ಹಿಡಿದು ನಿಂತಿದ್ದಳು. ಒಂದು ಕಾಲದಲ್ಲಿ ಆಕೆ ಸ್ಟುಡಿಯೋಗಳಲ್ಲಿ ಕೆಲಸ ಮಾಡಿದವಳು. ಹಿಂದಿನ ಶಾಟ್‌ನಲ್ಲಿ ನಟನ ಎಡಗೈಯಲ್ಲಿದ್ದ ಸಿಗರೇಟು ಮುಂದಿನ ಶಾಟ್‌ನಲ್ಲೂ ಎಡಗೈಯಲ್ಲೇ ಇರುವಂತೆ ನೋಡಿಕೊಳ್ಳುವುದು ಅವಳ ಕೆಲಸವಾಗಿತ್ತು. ಅವಳ ಕಣ್ಣು ತಪ್ಪಿಸಿ ಒಂದು ಗುಂಡಿಯೂ ಬಿಚ್ಚಿಕೊಂಡದ್ದಿಲ್ಲವಂತೆ.

"ಏನಪ್ಪಾ ಕತೆ ನಿಂದು? ಬೇಗ ಹೇಳು, ಕಾಫಿ ಉಕ್ಕತ್ತೆ."

"ಎಮೆಟ್ ಅಂತ ಒಬ್ಬ, ಪಿಯಾನೋ ಶ್ರುತಿ ಮಾಡೋನು. ಒಬ್ಬ ವಿಧವೆ ಮನೆಗೆ ವರ್ಷಾನುಗಟ್ಟಲೆ ಹೋಗ್ತಾನೆ. ಅವಳ ಮೇಲೆ ಪ್ರೀತಿ. ಹೇಳಲ್ಲ. ಅವಳು ಬೇರೆಯವನ್ನ ಮದುವೆಯಾಗ್ತಾಳೆ. ಆ ಮದುವೆಗೂ ಇವನೇ ಪಿಯಾನೋ ಶ್ರುತಿ ಮಾಡಿಕೊಟ್ಟು ಮನೆಗೆ ಹೋಗ್ತಾನೆ."

"ಅಷ್ಟೇನಾ?"

"ಅಷ್ಟೇ."

ಅರ್ಪಿನೆ ಅವನನ್ನು ಜ್ವರದ ಮಗುವನ್ನು ನೋಡುವಂತೆ ನೋಡಿದಳು. "ಅವನಿಗೊಂದು ನಾಯಿ ಕೊಡು. ನಾಯಿ ತಪ್ಪಿಸ್ಕೊಳ್ಳತ್ತೆ, ಇವನು ಹಿಂದೆ ಓಡ್ತಾನೆ. ಓಡೋದು ಅಂದ್ರೆ ಏನಾದ್ರೂ ಮಾಡ್ದಂಗೇ ತಾನೆ?"

ಅದು ದಡ್ಡ ಮಾತಾಗಿರಲಿಲ್ಲ. ಈ ಊರಿನ ತೊಂದರೆಯೇ ಅದು, ಯಾರೂ ದಡ್ಡ ಮಾತಾಡುವುದಿಲ್ಲ. ವೆಂಡೆಲ್ ಮೇಲೆ ಹೋಗಿ ನಾಯಿ ಸೇರಿಸಿದ.

ಹಲ್ಲಿನ ಡಾಕ್ಟರ್ ಲಿಂಡ್‌ಕ್ವಿಸ್ಟ್ ಬಳಿ ಅವನಿಗೆ ಮೊದಲೇ ಗೊತ್ತುಮಾಡಿದ ಭೇಟಿ ಇತ್ತು. ಡಾಕ್ಟರ್ ಅವನ ಬಾಯಿಗೆ ಹತ್ತಿ ತುರುಕಿ, ಕೊಕ್ಕೆ ಸಿಕ್ಕಿಸಿ, ಆಮೇಲೆ "ಬರವಣಿಗೆ ಹೇಗಿದೆ?" ಎಂದು ಕೇಳಿದರು. ವೆಂಡೆಲ್ ಹತ್ತಿಯ ನಡುವಿನಿಂದಲೇ ಎಮೆಟ್‌ನ ಕತೆ ಹೇಳಿದ. ಅಂಥ ಮಾತು ಕೇಳಿಸಿಕೊಳ್ಳುವುದು ಡಾಕ್ಟರಿಗೆ ಚೆನ್ನಾಗಿ ಅಭ್ಯಾಸವಾಗಿತ್ತು.

"ಅವನಿಗೊಬ್ಬ ಅವಳಿ ತಮ್ಮ ಇರ್ಲಿ," ಎಂದರು ಲಿಂಡ್‌ಕ್ವಿಸ್ಟ್, ಯಂತ್ರ ಚಾಲೂ ಮಾಡುತ್ತಾ. "ಇವನು ಹೇಳಕ್ಕಾಗದ್ದನ್ನ ಅವನು ಹೋಗಿ ಹೇಳ್ತಾನೆ. ವಿಧವೆಗೆ ಯಾರು ಯಾರು ಅಂತ ಗೊತ್ತಾಗಲ್ಲ. ನಂದೂ ಒಂದು ಚಿತ್ರಕತೆ ಇದೆ, ಅದರಲ್ಲಿ ತ್ರಿವಳಿ. ಏನಂತೀರಿ?"

"ಆಂ... ಅಂ..."

"ಒಪ್ಕೊಂಡ್ರಿ. ಬಾಯಿ ಇನ್ನೂ ಸ್ವಲ್ಪ ಅಗಲ."

ಮಧ್ಯಾಹ್ನ ವೆಂಡೆಲ್, ಡಾಕ್ಟರ ಚುಚ್ಚುಮದ್ದಿಗೆ ಮರಗಟ್ಟಿದ ಅರ್ಧ ಮುಖ ಹೊತ್ತು, ಕಾಫಿ ಅಂಗಡಿಯಲ್ಲಿ ಕೂತು ಕತೆಯೊಳಗೆ ಅವಳಿ ತಮ್ಮನನ್ನು ತುರುಕುತ್ತಿದ್ದ. ಕಾಫಿ ಮಾಡುವ ರಿಗೊಬರ್ಟೊ ಮೇಜು ಒರೆಸುವ ನೆಪದಲ್ಲಿ ಪೂರ್ತಿ ದೃಶ್ಯ ಓದಿ ಮುಗಿಸಿದ.

"ಗುರೂ, ಇದೆಲ್ಲ ಸರಿ. ಆದ್ರೆ ಪಿಯಾನೋ ಯಾಕೆ ಸುಮ್ನೆ ನಿಂತಿದೆ? ಅದಕ್ಕೆ ಬೆಂಕಿ ಹಾಕು. ಅವನೇ ಹಾಕ್ಲಿ. ಜೀವಮಾನ ಪೂರ್ತಿ ಶ್ರುತಿ ಮಾಡಿದ ಪಿಯಾನೋಗೆ ತಾನೇ ಕಡ್ಡಿ ಗೀರ್ತಾನೆ. ನಿರ್ಧಾರ ಅಂದ್ರೆ ಅದು."

ಹೇಳುವಾಗ ರಿಗೊಬರ್ಟೊನ ಕಣ್ಣು ತುಂಬಿತ್ತು. ಒದ್ದೆ ಬಟ್ಟೆ ಹಿಡಿದುಕೊಂಡೇ, ಯಾರದೋ ಕತೆಯ ಯಾವನೋ ಎಮೆಟ್‌ಗಾಗಿ ಮರುಗುವ ಜನ ಬೇರೆಲ್ಲಿ ಸಿಗುತ್ತಾರೆ? ವೆಂಡೆಲ್ ಮನಸ್ಸು ಕರಗಿತು. ಪಿಯಾನೋಗೆ ಬೆಂಕಿ ಬಿತ್ತು.

ಸಂಜೆ ಸಹಪಾಠಿಗಳು ಮೇಜಿನ ಸುತ್ತ ಪಾತ್ರ ಹಂಚಿಕೊಂಡು ಓದಿದರು. ಪೋರ್ಟ್‌ಲ್ಯಾಂಡಿನ ಇಮೋಜೆನ್ ಎಂಬುವಳು ನಾಯಿಯ ಪಾಲು ಕೇಳಿ ಪಡೆದು ಮನಸ್ಸಿಟ್ಟು ಬೊಗಳಿದಳು. ವಿಧವೆ ಮಾತಾಡುತ್ತಿರುವುದು ಅಣ್ಣನ ಜೊತೆಯೋ ತಮ್ಮನ ಜೊತೆಯೋ ಎಂದು ತಿಳಿಯದೆ, ವಿಧವೆಯ ಪಾತ್ರ ಓದುತ್ತಿದ್ದವನೇ ಹಿಂದಿನ ಹಾಳೆ ತಿರುವಿ ನೋಡಿದ. ಪಿಯಾನೋ ಹತ್ತಿಕೊಂಡಾಗ ನಾಯಿ ಅದರೊಳಗಿತ್ತೋ ಹೊರಗಿತ್ತೋ ಎಂಬ ಬಗ್ಗೆ ಓದು ನಿಲ್ಲಿಸಿ ಸಣ್ಣ ಚರ್ಚೆಯಾಯಿತು.

ಪ್ರೊಫೆಸರ್ ಬುಕ್ಸ್‌ಬಾಮ್ ಕಣ್ಣು ಮುಚ್ಚಿ ಕೇಳುತ್ತಿದ್ದರು. ಸುಳ್ಳೆನಿಸುವ ಸಂಭಾಷಣೆ ಬಂದಾಗಲೆಲ್ಲ ಕಾಲು ತುಳಿಸಿಕೊಂಡವರಂತೆ ಅವರ ಹುಬ್ಬು ಗಂಟಾಗುತ್ತಿತ್ತು. ಆ ಹುಬ್ಬು ಎಂದೂ ತಪ್ಪು ಹೇಳಿದ್ದಿಲ್ಲ. ಅದನ್ನು ನೋಡುವುದಕ್ಕೆಂದೇ ದೂರದ ಊರುಗಳಿಂದ ಹುಡುಗರು ಬಂದು ಸೇರುತ್ತಿದ್ದರು.

ಓದು ಮುಗಿದ ಮೇಲೆ ಎಲ್ಲರೂ ಮಾತಾಡಬಹುದು, ಬರೆದವನು ಮಾತ್ರ ತುಟಿ ಬಿಚ್ಚುವಂತಿಲ್ಲ. "ಥಿಯೇಟರಲ್ಲಿ ಪರದೆ ಪಕ್ಕ ನಿಂತು ಅರ್ಥ ಹೇಳಕ್ಕೆ ಹೋಗ್ತೀರೇನು?" ಎಂಬುದು ಪ್ರೊಫೆಸರರ ವಾದ. ಆ ನಿಯಮವನ್ನು ಅಲ್ಲಿಯತನಕ ಯಾರೂ ಮುರಿದಿರಲಿಲ್ಲ.

"ನಾಯಿ ಓಡತ್ತೆ, ಎಮೆಟ್ ಹಿಂದೆ ಹೋಗ್ತಾನೆ. ಅದು ನಾಯಿಯ ನಿರ್ಧಾರ," ಎಂದಳು ಇಮೋಜೆನ್.

"ಪ್ರೀತಿ ಹೇಳೋದು ಅವಳಿ ತಮ್ಮ, ಎಮೆಟ್ ಅಲ್ಲ," ಎಂದ ವಿಧವೆಯ ಪಾತ್ರ ಓದಿದವನು.

"ಎಮೆಟ್‌ನ ಸಾಯಿಸಿಬಿಟ್ರೆ?" ಎಂದು ಇನ್ನೊಬ್ಬ ಕೇಳಿದ.

"ಅದನ್ನೂ ತಮ್ಮನ ಕೈಲೇ ಮಾಡಿಸಬೇಕಾಗತ್ತೆ."

ವೆಂಡೆಲ್ ಎದ್ದು ನಿಂತ. ಮರಗಟ್ಟಿದ್ದ ಕೆನ್ನೆಗೆ ಆಗಷ್ಟೇ ಜೀವ ಬರುತ್ತಿತ್ತು.

"ಸಾಕು ಮಾಡಿ. ನಾಯಿ ನನ್ನ ಮನೆಯೊಡತೀದು. ಅವಳಿ ತಮ್ಮ, ಹಲ್ಲಿನ ಡಾಕ್ಟರದು. ಬೆಂಕಿ ಕಾಫಿ ಮಾಡೋನದು. ನಾನು ಎಲ್ಲರ ಮಾತೂ ಕೇಳಿದೆ, ಎಮೆಟ್‌ನ ಮಾತು ಒಂದು ಬಿಟ್ಟು." ಅವನು ಸೇರಿಸಿದ್ದ ಹಾಳೆಗಳನ್ನು ಹೆಕ್ಕಿ ತೆಗೆದು ಕಸದ ಬುಟ್ಟಿಗೆ ಹಾಕಿದ. "ಅವನು ಆ ಮದುವೆಗೆ ಹೋಗ್ತಾನೆ. ಅವಳು ಮೆಚ್ಚೋ ಹಾಗೆ ಶ್ರುತಿ ಮಾಡ್ತಾನೆ. ಯಾಕಂದ್ರೆ ಆ ಪಿಯಾನೋ ಅವಳ ಮದುವೇಲಿ ಅಪಸ್ವರ ನುಡೀಬಾರ್ದು ಅಂತ ಅವನಿಗೆ ಆಸೆ. ಆಮೇಲೆ ಟೋಪಿ ಹಾಕ್ಕೊಂಡು ಮನೆಗೆ ಹೋಗ್ತಾನೆ. ಸಹಿ ಹಾಕಿದ್ರೆ ಹಾಕಿ, ಬಿಟ್ರೆ ಬಿಡಿ ಮೇಡಂ. ಅವನನ್ನ ನಾನು ಬದಲಾಯಿಸಲ್ಲ."

ಸಹಪಾಠಿಗಳಲ್ಲಿ ಇಬ್ಬರು ತಲೆ ತಗ್ಗಿಸಿ ಅವನ ಮಾತನ್ನು ಸರಸರ ಬರೆದುಕೊಳ್ಳುತ್ತಿದ್ದರು. ಮುಂದೆ ಎಲ್ಲಾದರೂ ಬೇಕಾದೀತೆಂದು.

ಪ್ರೊಫೆಸರ್ ಕಣ್ಣು ಬಿಟ್ಟರು. ಹುಬ್ಬಿನಲ್ಲಿ ಒಂದು ಗೆರೆಯೂ ಇರಲಿಲ್ಲ.

"ಕೂತ್ಕೋ ವೆಂಡೆಲ್. ಬೇಡ, ನಿಂತಿರು, ಚೆನ್ನಾಗಿ ಕಾಣ್ತೀಯ. ನನ್ನ ನಿಯಮಾನ ನನ್ನೆದುರಿಗೇ ಮುರಿದೆ. ಸಂತೋಷ. ಅವಳ ಪಿಯಾನೋ ಅಪಸ್ವರ ನುಡೀಬಾರ್ದು ಅನ್ನೋದು ಒಂದು ನಿರ್ಧಾರ ಕಣಯ್ಯಾ. ನಾನು ಅದನ್ನ ಮೊದಲ ಓದಿನಲ್ಲಿ ಕಾಣ್ದೇ ಹೋದೆ. ತಪ್ಪು ನಂದು." ಅವರು ಸಹಿಯ ಹಾಳೆಯನ್ನು ಹತ್ತಿರ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು. ಮೇಜಿನ ಸುತ್ತ ಚಪ್ಪಾಳೆ ಬಿತ್ತು. ಇಮೋಜೆನ್ ಅಭಿಮಾನದಿಂದ ಇನ್ನೊಮ್ಮೆ ಬೊಗಳಿದಳು.

"ಒಂದೇ ಒಂದು ವಿಷಯ," ಎಂದರು ಪ್ರೊಫೆಸರ್, ಹೆಸರಿನ ಮೊದಲ ಅಕ್ಷರಕ್ಕೆ ಪೆನ್ನು ಊರಿ. "ಕಡೇ ದೃಶ್ಯ. ಮನೆಗೆ ಹೋಗ್ತಾನಲ್ಲ, ಹೋಗೋ ಮುಂಚೆ ಒಂದ್ಸಲ ತಿರುಗಿ ನೋಡ್ತಾನಾ, ಇಲ್ವಾ? ಎರಡೂ ಚೆನ್ನಾಗೇ ಇರತ್ತೆ. ನೀನು ಯಾವ್ದು ಹೇಳಿದ್ರೂ ಸರಿ."

ವೆಂಡೆಲ್ ಬಾಯಿ ತೆರೆದ. ತಿರುಗಿ ನೋಡುವ ಎಮೆಟ್ ಕಂಡ. ನೋಡದೆ ಹೋಗುವ ಎಮೆಟ್ ಕಂಡ. ಇಬ್ಬರೂ ಒಳ್ಳೆಯವರೇ. ಅವನು ನಿಧಾನವಾಗಿ ಮೇಜಿನ ಸುತ್ತ ಕಣ್ಣು ಹಾಯಿಸಿದ.

"ನಿಮಗೆಲ್ಲ ಏನನ್ಸತ್ತೆ?" ಎಂದ.

ಎಲ್ಲ ಕೈಗಳೂ ಒಟ್ಟಿಗೆ ಮೇಲೆದ್ದವು. ಪ್ರೊಫೆಸರ್ ಸಹಿ ಹಾಕದೆ ಪೆನ್ನಿನ ಮುಚ್ಚಳ ಹಾಕಿದರು.